ನಮ್ಮ ಕೆಂಪು ಕಾರು ಟ್ರ್ಯಾಕಿಗೆ ಹೋದದ್ದು

ಕಾರಿಟ್ಟುಕೊಂಡ ಮನೆಯಲ್ಲಿ ಪೆಟ್ರೋಲು ಮುಗಿದುಹೋಗಬಹುದು, ಫಜೀತಿ ಮಾತ್ರ ಮುಗಿಯೋದಿಲ್ಲ. ಅದರಲ್ಲೂ ಆ ಕಾರು ಕೆಂಪಗೆ, ಗಿಡ್ಡಕ್ಕೆ, ಎರಡೇ ಬಾಗಿಲಿನದಾಗಿದ್ದು, ಓಡಿಸೋರು ನಮ್ಮೆಜಮಾನ್ರಾಗಿಬಿಟ್ಟರೆ ಕೇಳೋದೇ ಬೇಡ. ಎಪ್ಪತ್ತರ ದಶಕದಲ್ಲಿ ರಾಜಾಜಿನಗರದ ನಮ್ಮ ಬೀದಿಗೆಲ್ಲ ಇದ್ದದ್ದು ಅದೊಂದೇ ಕಾರು. ಈಗಲೂ ನೆಂಟರು ಬಂದರೆ ಕಾಫಿ ಲೋಟ ಕೆಳಗಿಡೋ ಮುಂಚೆ, "ಆ ಕಾರಿನ ಕಥೆ ಹೇಳಿ" ಅಂತಾರೆ. ಹೇಳ್ತೀನಿ. ಮೊದಲಿಂದ ಹೇಳದಿದ್ದರೆ ಯಾರೂ ನಂಬೋದಿಲ್ಲ, ಅದಕ್ಕೇ ಮೊದಲಿಂದ ಹೇಳ್ತೀನಿ.

ಹಿಂದಿನ ಸೀಟು

ನಮ್ಮೆಜಮಾನ್ರು ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್. ಅಲ್ಲಿನ ಸಾಹೇಬರೊಬ್ಬರಿಗೆ ಕಲ್ಕತ್ತಕ್ಕೆ ವರ್ಗ ಆಯ್ತು. ಹೋಗೋವಾಗ ತಮ್ಮ ಶೋಕಿ ಕಾರನ್ನ ಇವರ ಕೈಗೆ ಮಾರಿಬಿಟ್ಟರು. ಬಾನೆಟ್ ಮೇಲೆ ಎರಡು ಕಪ್ಪು ಪಟ್ಟೆ, ಮರದ ಸ್ಟೀರಿಂಗು, ಒಂದು ಸೈಲೆನ್ಸರು. ಹೆಸರಿಗಷ್ಟೇ ಸೈಲೆನ್ಸರು. ಇವರು ಸ್ಟಾರ್ಟ್ ಮಾಡಿದರೆ ಬೀದಿಯಲ್ಲಿ ಮಲಗಿದ್ದ ಕೂಸುಗಳೆಲ್ಲ ಒಟ್ಟಿಗೆ ಎದ್ದು ಅಳೋವು.

ಹಿಂದಿನ ಸೀಟಿಗೆ ಬಾಗಿಲಿಲ್ಲ. ಮುಂದಿನ ಸೀಟನ್ನ ಮಡಚಿ ಆ ಸಂದಿಯಲ್ಲಿ ನುಗ್ಗಬೇಕು. ನಮ್ಮತ್ತೆಯವರದು ತುಂಬಿದ ಮೈ. ಮೊದಲನೇ ದಿನ ಅವರನ್ನ ಒಳಗೆ ಕೂರಿಸೋಕೆ ಬೀದಿಯೇ ಸೇರಿತು. "ಮೊದಲು ಕಾಲು ಹಾಕಿ ಅಮ್ಮ" ಅಂತ ಒಬ್ಬರು, "ಇಲ್ಲ ಇಲ್ಲ, ತಲೆ ಮೊದಲು" ಅಂತ ಇನ್ನೊಬ್ಬರು. ಅಂತೂ ಒಳಗೆ ಹೋದರು. ದೇವಸ್ಥಾನದ ಮುಂದೆ ನಿಲ್ಲಿಸಿದಾಗ ಗೊತ್ತಾಯ್ತು, ಹೊರಗೆ ಬರೋ ದಾರಿಯನ್ನ ಯಾರೂ ಯೋಚನೆ ಮಾಡಿರಲಿಲ್ಲ ಅಂತ.

ಎಳೆದೆವು, ತಳ್ಳಿದೆವು. ಊಹೂಂ! ಕೊನೆಗೆ ಪೂಜಾರಿಗಳಿಗೇ ಅಯ್ಯೋ ಅನ್ನಿಸಿ ಮಂಗಳಾರತಿ ತಟ್ಟೆ ಹಿಡಿದು ಕಾರಿನ ಹತ್ತಿರ ಬಂದರು. ಅತ್ತೆ ಕೂತಲ್ಲೇ ಕಣ್ಣಿಗೊತ್ತಿಕೊಂಡು, ಕೂತಲ್ಲೇ ತೀರ್ಥ ತಗೊಂಡು, ಕೂತಲ್ಲೇ ಹೂವು ಮುಡಿದರು. ಅವತ್ತಿಂದ ಬೇರೆ ಯಾವ ದೇವಸ್ಥಾನಕ್ಕೆ ಹೋದರೂ ಅವರದು ಒಂದೇ ದೂರು: "ಆ ಗುಡೀಲಿ ಮರ್ಯಾದೆನೇ ಇಲ್ಲ ಕಣೇ. ನಾವೇ ಒಳಗೆ ಹೋಗ್ಬೇಕು."

ಗೌಡರ ಅಳತೆ

ನಮ್ಮ ಮಾವನವರು ರಿಟೈರಾದ ಹೆಡ್ಮೇಷ್ಟ್ರು. ದಾವಣಗೆರೆ ಕಡೆಯಿಂದ ಬಂದು ಮೂವತ್ತು ವರ್ಷ ಇಲ್ಲೇ ಪಾಠ ಹೇಳಿದವರು. ಸುಳ್ಳು ಅಂದರೆ ಕೆಂಡ. ಇನ್ನೊಂದು ವಿಷಯ ಏನು ಅಂದರೆ, ಕಾಗದ, ಸೀಲು, ಸಹಿ ಇಲ್ಲದ ಯಾವ ವಿದ್ಯೆಯನ್ನೂ ಅವರು ನಂಬಿದವರಲ್ಲ.

ಒಂದು ಬೆಳಗ್ಗೆ ಇವರು ಮಾವನವರನ್ನ ಮುಂದೆ ಕೂರಿಸಿಕೊಂಡು ಮಾಗಡಿ ರಸ್ತೆ ಕಡೆ ಹೊರಟರು. ತಿರುವಿನಲ್ಲಿ ಬ್ರೇಕು ಅಂದುಕೊಂಡು ಆಕ್ಸಿಲರೇಟರು ಒತ್ತಿದರು. ಕಾರು ನೇರ ಹೋಗಿ ಎಳನೀರಿನ ರಾಶಿಯಲ್ಲಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ, ಸದ್ಯ! ಆದರೆ ಇಳಿಜಾರು ನೋಡಿ, ಎಳನೀರೆಲ್ಲ ಉರುಳ್ಕೊಂಡು ಹೊರಟುವು. ಕೋಟು ಹಾಕಿಕೊಂಡ ಮಾವನವರು ಅರ್ಧ ಗಂಟೆ ಬೀದಿಯಲ್ಲಿ ಎಳನೀರು ಹಿಡಿದರು. ಅವರ ಹಳೇ ಶಿಷ್ಯರಿಬ್ಬರು ಅದೇ ಹೊತ್ತಿಗೆ ಬಂದು "ನಮಸ್ಕಾರ ಸಾರ್, ಎಳನೀರು ಹೇಗೆ?" ಅಂತ ಕೇಳಿದರಂತೆ.

ಮನೆಗೆ ಬಂದವರು ನೀರೂ ಕುಡಿಯಲಿಲ್ಲ. "ಈ ಗಾಡಿ ಈ ಮನೇಲಿ ಇರಕೂಡದು" ಅಂದರು. ಮಾರನೇ ದಿನವೇ ಸುಂಕದಕಟ್ಟೆಯ ಗೌಡರೊಬ್ಬರನ್ನ ಕರೆಸಿದರು. ಗೌಡರದು ಕೋಳಿ ಫಾರಂ. ಪೇಟೆಗೆ ಮೊಟ್ಟೆ ಸಾಗಿಸೋಕೆ ಒಂದು ಗಾಡಿ ಬೇಕಾಗಿತ್ತು. ತುಂಬ ಒಳ್ಳೇ ಮನುಷ್ಯ, ಯಾರ ಕಷ್ಟ ನೋಡಿದರೂ ತಾವೇ ಹೆಗಲು ಕೊಡೋರು. "ಮುಂದಿನ ವಾರ ಬಿಟ್ಟು ಅದರ ಮುಂದಿನ ಸೋಮವಾರ ಗಾಡಿ ನಿಮ್ಮದು ಗೌಡ್ರೇ, ಮಾತು ಕೊಟ್ಟಿದೀನಿ" ಅಂದುಬಿಟ್ಟರು ಮಾವ.

ನಮ್ಮೆಜಮಾನ್ರ ಮುಖ ನೋಡೋಕಾಗಲಿಲ್ಲ. ರಾತ್ರಿ ಕೀಲಿಕೈನ ದಿಂಬಿನ ಕೆಳಗಿಟ್ಟುಕೊಂಡು ಮಲಗೋ ಮನುಷ್ಯ! "ಮಾವ, ಇವರು ಸರಿಯಾಗಿ ಕಲಿತು ಬಂದರೆ?" ಅಂದೆ.

"ಕಲಿತಿದಾನೆ ಅಂತ ಯಾರು ಹೇಳ್ಬೇಕು?"

"ಅಪ್ಪಾ, ಲೈಸೆನ್ಸ್ ಇದೆ" ಅಂದರು ಇವರು.

"ಲೈಸೆನ್ಸು ಅಂದ್ರೆ ಅನುಮತಿ. ವಿದ್ಯೆ ಅಲ್ಲ. ಕೆಂಗೇರಿ ಆಚೆ ಯಾರೋ ಮೇಜರ್ ಸಾಹೇಬರು ಟ್ರ್ಯಾಕ್ ಮಾಡಿ ವೇಗವಾಗಿ ಓಡಿಸೋದು ಹೇಳಿಕೊಡ್ತಾರಂತಲ್ಲ, ಎರಡು ಭಾನುವಾರ. ಅವರ ಕೈಲಿ ಸರ್ಟಿಫಿಕೇಟು ತಗೊಂಡು ಬಾ, ಕಾರು ಇಟ್ಕೋ." ಮಗ ತರೋದಿಲ್ಲ ಅನ್ನೋ ಧೈರ್ಯದ ಮೇಲೆ ಹೇಳಿದ ಮಾತು ಅದು. ಎಸ್ಸೆಸ್ಸೆಲ್ಸಿಯನ್ನ ಮೂರು ಸಲ ಬರೆದ ಮಗ ತಾನೆ? ಹೀಗೆ ಮಾವನವರು ಒಂದೇ ಕಾರಿನ ಮೇಲೆ ಇಬ್ಬರಿಗೆ ಮಾತು ಕೊಟ್ಟು ನೆಮ್ಮದಿಯಾಗಿ ಪೇಪರ್ ಓದ್ತಾ ಕೂತರು.

ಆ ಸಂಜೆಯೇ ಗೌಡರು ಖಾಲಿ ಮೊಟ್ಟೆ ಟ್ರೇ ಹೊತ್ತುಕೊಂಡು ಬಂದರು. ಹಿಂದಿನ ಸೀಟಿನಲ್ಲಿ ಎಷ್ಟು ಹಿಡಿಸುತ್ತೆ ಅಂತ ಒಂದರ ಮೇಲೊಂದು ಜೋಡಿಸ್ತಾ ಇದ್ದರು. ಅತ್ತೆ ಒಳಗಿಂದ ಓಡಿ ಬಂದರು. "ಶಿವ ಶಿವಾ! ವಿಭೂತಿ ಹಚ್ಚಿದ ಗಾಡಿಗೆ ಮೊಟ್ಟೆನಾ?"

"ಖಾಲಿ ಟ್ರೇ ಅಮ್ಮ, ಬರೀ ಅಳತೆಗೆ" ಅಂದರು ಗೌಡರು.

"ಅಲ್ಲಿ ನಾನು ಕೂರೋದು!"

ಗೌಡರು ಅತ್ತೆಯನ್ನೊಮ್ಮೆ ನೋಡಿದರು, ಸೀಟನ್ನೊಮ್ಮೆ ನೋಡಿದರು, ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. "ಹಂಗಾದ್ರೆ ಐನೂರು ಮೊಟ್ಟೆ ಆರಾಮಾಗಿ ಹಿಡಿಸುತ್ತೆ ಬಿಡಿ ಅಮ್ಮ" ಅಂದರು. ಅತ್ತೆ ಎರಡು ದಿನ ಊಟ ಬಿಟ್ಟರು.

ಅಲುಗಾಡೋ ಸಾಮಾನು

ಮೊದಲನೇ ಭಾನುವಾರ. ಊರಾಚೆ ಹೋಗೋ ಗಾಡಿಯಲ್ಲಿ ಹಿರಿಯರೊಬ್ಬರು ಇರಲೇಬೇಕು ಅಂತ ಅತ್ತೆ ಹೊರಟರು. ಅತ್ತೆಗೆ ಜೊತೆ ಅಂತ ನಾನು. ನಾನು ಹೊರಟ ಮೇಲೆ ಬುತ್ತಿ.

ಟ್ರ್ಯಾಕು ಅಂದರೆ ಬಯಲಿನಲ್ಲಿ ಉಂಗುರದ ಹಾಗೆ ಸುತ್ತ ಹಾಕಿದ ಟಾರ್ ರಸ್ತೆ. ಅಂಚಿಗೆ ಸುಣ್ಣ ಬಳಿದ ಸೀಮೆಎಣ್ಣೆ ಡಬ್ಬಗಳು. ಡಬ್ಬ ಬೀಳಿಸಿದರೆ ಫೇಲ್. ಬೇರೆ ನಾಲ್ಕೈದು ಕಾರು ಬಂದಿದ್ದವು, ಕಪ್ಪು ಕನ್ನಡಕದ ಹುಡುಗರು. ಮೇಜರ್ ಸಾಹೇಬರದು ಗರಿ ಗರಿ ಮೀಸೆ, ಗರಿ ಗರಿ ಚಡ್ಡಿ. "ಎಲ್ಲರೂ ಕೇಳಿ! ಕಾರಿನೊಳಗೆ ಅಲುಗಾಡೋ ಸಾಮಾನು ಒಂದೂ ಇರಬಾರದು. ಎಲ್ಲ ಇಳಿಸಿ!"

ಆ ಹುಡುಗರು ಒಂದು ಸ್ಪ್ಯಾನರು, ಒಂದು ಬಟ್ಟೆ ಇಳಿಸಿ ಮುಗಿಸಿದರು. ನಾವು ಶುರು ಮಾಡಿದೆವು. ಐದು ಡಬ್ಬದ ಟಿಫಿನ್ ಕ್ಯಾರಿಯರು. ನೀರಿನ ಕೂಜ. ಜಮಖಾನ. ಎರಡು ಛತ್ರಿ. ಚಟ್ನಿಪುಡಿ ಡಬ್ಬ. ಡ್ಯಾಶ್‌ಬೋರ್ಡಿನ ಗಣಪತಿ. ವಿಭೂತಿ ಗಟ್ಟಿ. ಅತ್ತೆಯ ಬೀಸಣಿಗೆ. ದಾರಿಯಲ್ಲಿ ಕೆಂಗೇರಿ ಸಂತೆಯಲ್ಲಿ ಚೆನ್ನಾಗಿದೆ ಅಂತ ತಗೊಂಡ ಎರಡು ಕುಂಬಳಕಾಯಿ. ಇಳಿಸಿದ ಹಾಗೆಲ್ಲ ಮೇಜರ್ ಸಾಹೇಬರ ಮೀಸೆ ಇಳೀತಾ ಬಂತು. ಅಷ್ಟರಲ್ಲಿ ಆ ಹುಡುಗರದು ನಾಲ್ಕು ಸುತ್ತು ಆಗಿತ್ತು.

"ಮುಗೀತಾ?" ಅಂದರು.

"ಮುಗೀತು ಸಾರ್."

"ಅಲುಗಾಡೋದು ಇನ್ನೇನೂ ಉಳಿದಿಲ್ಲ ತಾನೆ?"

ನಮ್ಮೆಜಮಾನ್ರು ಹಿಂದಿನ ಸೀಟಿನೊಳಗೆ ಬಗ್ಗಿ ನೋಡಿ, ತುಂಬ ಮರ್ಯಾದೆಯಿಂದ ಹೇಳಿದರು: "ನಮ್ಮಮ್ಮ ಇದಾರೆ ಸಾರ್."

ಲಿಫ್ಟು

ಎಲ್ಲರೂ ಸೇರಿ ಎಳೆದೂ ಎಳೆದೂ ಅಂತೂ ಅತ್ತೆಯನ್ನ ಇಳಿಸಿ ಗೇಟಿನ ಹತ್ತಿರ ಹೊಂಗೆ ಮರದ ಕೆಳಗೆ ಕುಂಬಳಕಾಯಿ ಕಾವಲಿಗೆ ಕೂರಿಸಿದ್ದಾಯ್ತು. ಇವರು ಒಬ್ಬರೇ ಹೊರಟರು. ಮೇಜರ್ ಸಾಹೇಬರು ಸ್ಟಾಪ್‌ವಾಚ್ ಒತ್ತಿದರು.

ಆ ಹುಡುಗರಿಗೆ ಒಂದು ಸುತ್ತಿಗೆ ಎರಡು ನಿಮಿಷ. ಇವರು ಹೊರಟು ಹತ್ತು ನಿಮಿಷ ಆಯ್ತು, ಪತ್ತೆ ಇಲ್ಲ. ಹೊಲದ ಆಚೆ ಪ್ರತಿ ತಿರುವಿಗೂ "ಪೋಂ ಪೋಂ" ಅಂತ ಹಾರ್ನ್ ಮಾತ್ರ ಕೇಳಿಸ್ತಾ ಇತ್ತು. ಹಿಂದಿಂದ ಯಾರಾದರೂ ಬಂದರೆ ಇವರು ಪಕ್ಕಕ್ಕೆ ನಿಲ್ಲಿಸಿ, ಕೈ ಹೊರಗೆ ಹಾಕಿ, "ನೀವು ಮೊದಲು ಹೋಗಿ ಸಾರ್" ಅಂತಿದ್ದರಂತೆ. ಮೇಜರ್ ಸಾಹೇಬರು ವಾಚನ್ನ ಕಿವಿಗಿಟ್ಟುಕೊಂಡು ಓಡ್ತಾ ಇದೆಯಾ ಅಂತ ನೋಡಿದರು.

ಅಂತೂ ಕಾರು ಬಂತು. ಬಾನೆಟ್ ಮೇಲೆ ಹುಲ್ಲಿನ ಹೊರೆ. ಮುಂದಿನ ಸೀಟಿನಲ್ಲಿ ಕುಡುಗೋಲು ಹಿಡಿದ ಒಬ್ಬ ತಾತ. ಹಿಂದೆ ಒಬ್ಬ ಅಜ್ಜಿ, ಅವರ ತೊಡೆ ಮೇಲೆ ಮೇಕೆಮರಿ.

"ಏನ್ರೀ ಇದು?" ಅಂತ ಕೂಗಿದರು ಮೇಜರ್ ಸಾಹೇಬರು.

"ಕೈ ಅಡ್ಡ ಹಾಕಿದ್ರು ಸಾರ್. ವಯಸ್ಸಾದೋರು. ಖಾಲಿ ಗಾಡಿ ಇಟ್ಕೊಂಡು ಹೆಂಗೆ ಬಿಟ್ಟು ಬರೋದು?"

"ಇದು ಟ್ರ್ಯಾಕು! ಹೊರಟ ಜಾಗಕ್ಕೇ ವಾಪಸ್ ಬರುತ್ತೆ! ಇವರು ಎಲ್ಲಿಗೆ ಹೋಗ್ಬೇಕಾಗಿತ್ತು?"

ತಾತ ಕೆಳಗಿಳಿದು ಸುತ್ತ ನೋಡಿದ. "ಓ, ನಮ್ಮನೆ ದಾಟಿ ಬಂದ್ಬಿಟ್ವಿ ಸಾಮಿ. ಇನ್ನೊಂದು ಸುತ್ತು ಹೊಡೀಬೇಕು" ಅಂತ ಹೇಳಿ ಮತ್ತೆ ಹತ್ತಿ ಕೂತ.

ಮೂರು ಸುತ್ತು

ಎರಡನೇ ಭಾನುವಾರ ಪರೀಕ್ಷೆ. ವಾರವಿಡೀ ಇವರಿಗೆ ಊಟ ಸೇರಲಿಲ್ಲ. ಮಾರನೇ ದಿನ ಸೋಮವಾರ, ಕಾರು ಮೊಟ್ಟೆಗೆ. ಪರೀಕ್ಷೆ ಹೇಗೆ ನಡೆಸ್ತಾರೆ ನೋಡೋಣ ಅಂತ ಮಾವನವರೂ ಕೋಟು ಹಾಕಿಕೊಂಡು ಹೊರಟರು. ಗೌಡರಿಗೆ ತಮ್ಮ ಕಾರಿಗೆ ಏನಾಗಿಬಿಡುತ್ತೋ ಅನ್ನೋ ಭಯ, ಬಸ್ಸಿನಲ್ಲಿ ಬರ್ತೀನಿ ಅಂದಿದ್ದರು.

ತುಂಬಿದ ಗಾಡಿ ಓಡಿಸಿ ತೋರಿಸಬೇಕು ಅನ್ನೋದು ಪರೀಕ್ಷೆ. ಮೇಜರ್ ಸಾಹೇಬರು ಮುಂದೆ ಕೂತರು. ಹಿಂದೆ ಮಾವ, ಅತ್ತೆ, ನಾನು. ಉಸಿರಾಡೋದಿದ್ದರೆ ಒಬ್ಬೊಬ್ಬರಾಗಿ ಆಡಬೇಕು, ಹಾಗೆ ಕೂತಿದ್ದೆವು. ಇವರು "ಶಿವಾ" ಅಂತ ಗೇರು ಹಾಕಿದರು. ನೂರು ಗಜ ಚೆನ್ನಾಗಿಯೇ ಹೋಯ್ತು. ಆಗ ಅತ್ತೆಗೆ ಬಯಲಿನ ನಟ್ಟನಡುವೆ ಬೇವಿನ ಮರದ ಕೆಳಗಿನ ಕಟ್ಟೆ ಕಾಣಿಸಿತು. ಕಟ್ಟೆ ಮೇಲೆ ಅರಿಶಿನ ಕುಂಕುಮ ಹಚ್ಚಿದ ಕಲ್ಲಿನ ಬಸವಣ್ಣ.

"ನಿಲ್ಸೋ!" ಅಂತ ಕಿರುಚಿದರು. ಇವರು ಬ್ರೇಕ್ ಒತ್ತಿದರು. ಎಲ್ಲರೂ ಮುಂದಕ್ಕೆ ಬಂದು ಹಿಂದಕ್ಕೆ ಹೋದೆವು.

"ದೇವರನ್ನ ಎಡಕ್ಕಿಟ್ಕೊಂಡು ಸುತ್ತುತಾ ಇದೀಯಲ್ಲೋ! ಸತ್ತ ಮನೇಲಿ ಸುತ್ತೋ ಹಾಗೆ! ಬಲಕ್ಕೆ ಸುತ್ತೋ!"

"ಅಮ್ಮಾ, ಟ್ರ್ಯಾಕಿನ ಮೇಲಿನ ಬಾಣದ ಗುರುತು ಈ ಕಡೆಗೇ ಇದೆ" ಅಂದರು ಇವರು. ಅಳೋದೊಂದು ಬಾಕಿ.

ಮೇಜರ್ ಸಾಹೇಬರು ತಿರುಗಿ, "ನೋಡಿ ತಾಯಿ, ರೂಲ್ ಅಂದ್ರೆ ರೂಲ್. ಕಾರಿನ ಮುಖ ಬಾಣದ ಕಡೆಗೇ ಇರಬೇಕು" ಅಂದರು.

"ಮುಖ ಎತ್ತಲಾದರೂ ಇರಲಿ ಸ್ವಾಮಿ. ಗಾಡಿ ಬಲಕ್ಕೆ ಸುತ್ತಲಿ. ಇಲ್ಲದಿದ್ರೆ ನನ್ನನ್ನ ಇಳಿಸಿ."

ಅತ್ತೆಯನ್ನ ಆ ಸೀಟಿನಿಂದ ಇಳಿಸೋಕೆ ಎಷ್ಟು ಹೊತ್ತು ಬೇಕು ಅಂತ ಮೇಜರ್ ಸಾಹೇಬರಿಗೆ ಹೋದ ವಾರವೇ ಗೊತ್ತಾಗಿತ್ತು. ಕರ್ಚೀಫು ತೆಗೆದು ಹಣೆ ಒರೆಸಿಕೊಂಡರು. ಬಿಸಿಲು ಏರ್ತಾ ಇತ್ತು. ಆಗ ನಮ್ಮೆಜಮಾನ್ರು ಮೆಲ್ಲಗೆ, "ಸಾರ್, ರಿವರ್ಸ್ ಹೋಗ್ಲಾ?" ಅಂದರು.

ಇಲ್ಲೊಂದು ಮಾತು ಹೇಳಬೇಕು. ನಮ್ಮ ಬೀದಿ ಒಂದು ಗೋಡೆಗೆ ಮುಗಿಯುತ್ತೆ. ನಮ್ಮನೆ ಕೊನೇದು. ಕಾರು ತಿರುಗಿಸೋಕೆ ಜಾಗ ಇಲ್ಲ. ದಿನಾ ಬೆಳಗ್ಗೆ ಮೂವತ್ತು ಮನೆ ದಾಟೋವರೆಗೂ ರಿವರ್ಸು. ರಂಗೋಲಿ, ತೊಟ್ಟಿಲು, ಒಣಹಾಕಿದ ಹಪ್ಪಳ, ಮಲಗಿದ ನಾಯಿ, ಒಂದಕ್ಕೂ ತಾಗಿಸಿದವರಲ್ಲ. ಈ ಮನುಷ್ಯನಿಗೆ ಬರೋ ವಿದ್ಯೆ ಅದೊಂದೇ.

ಕಾರಿನ ಮುಖ ಬಾಣದ ಕಡೆಗೇ ಇತ್ತು. ಕಾರು ಮಾತ್ರ ಹಿಂದಕ್ಕೆ ಹೊರಟಿತು. ದೇವರು ಬಲಗಡೆ ಇರಬೇಕಲ್ಲ, ಅತ್ತೆ ಸೀಟಿನ ಮೇಲೆ ಹಿಂದುಮುಂದಾಗಿ ಮಂಡಿಯೂರಿ ಹಿಂದಿನ ಗಾಜಿಗೆ ಕೈ ಮುಗಿದರು. ಅವರು ತಿರುಗಿದ ಮೇಲೆ ನಾವೂ ತಿರುಗಲೇಬೇಕಾಯ್ತು, ಜಾಗ ಇಲ್ಲ. ಇವರು ತಿರುಗಿದರು. ಕೊನೆಗೆ ಮೇಜರ್ ಸಾಹೇಬರೂ ತಿರುಗಿ ಕೂತರು.

ಏನು ಹೋದರು ಅಂತೀರಿ! ಸ್ಟೀರಿಂಗ್ ಮೇಲೆ ಒಂದು ಕೈ, ಸೀಟಿನ ಮೇಲೆ ಒಂದು ಕೈ. ಸೊಂಯ್ ಅಂತ ತಿರುವು, ಸೊಂಯ್ ಅಂತ ಇನ್ನೊಂದು. ಒಂದು ಡಬ್ಬ ಅಲ್ಲಾಡಲಿಲ್ಲ. ನನ್ನ ಗಂಡ ಇಷ್ಟು ಚೆಂದ ಅಂತ ಮದುವೆ ದಿನವೂ ಅನ್ನಿಸಿರಲಿಲ್ಲ. ಒಂದು ಸುತ್ತಿಗೆ ಮೇಜರ್ ಸಾಹೇಬರು "ಸಾಕು" ಅಂದರು. "ಒಂದಕ್ಕೆ ನಿಲ್ಲಿಸ್ತಾರೇನ್ರೀ? ಮೂರಾದರೂ ಆಗ್ಲಿ" ಅಂದರು ಅತ್ತೆ. ಮೂರಾಯ್ತು. ಮೂರನೇ ಸುತ್ತಿನಲ್ಲಿ ಮೇಜರ್ ಸಾಹೇಬರ ಕೈಯೂ ಮುಗಿದುಕೊಂಡಿತ್ತು, ಭಕ್ತಿಗೋ ಭಯಕ್ಕೋ ಗೊತ್ತಿಲ್ಲ.

ಮಿಲಿಟರಿ ಮನುಷ್ಯ, ಕಂಡದ್ದನ್ನೇ ಬರೆದರು. "ಇವರು ನಾಲ್ಕು ಜನರನ್ನು ಕೂರಿಸಿಕೊಂಡು ಒಂದೂ ಡಬ್ಬ ಬೀಳಿಸದೆ ಟ್ರ್ಯಾಕನ್ನು ಮೂರು ಸುತ್ತು ರಿವರ್ಸ್ ಗೇರಿನಲ್ಲಿ ಪೂರೈಸಿರುತ್ತಾರೆ. ಮುಂದಕ್ಕೆ ಓಡಿಸುವುದನ್ನು ಪರೀಕ್ಷಿಸಲು ಸಾಧ್ಯವಾಗಲಿಲ್ಲ." ಕೆಳಗೆ ಸಹಿ, ಪಕ್ಕದಲ್ಲಿ ದುಂಡು ಸೀಲು.

ಮಾವನವರು ಓದಿದರು. ಸೀಲನ್ನ ಬೆಳಕಿಗೆ ಹಿಡಿದು ನೋಡಿದರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿದರು, ಮತ್ತೆ ತೆಗೆದರು. "ಮೊದಲನೇ ಸಲಕ್ಕೇ ಪಾಸಾಗಿದೀಯಲ್ಲೋ" ಅಂದರು. ಅಪ್ಪ ಮಗ ಇಬ್ಬರೂ ಬೇರೆ ಬೇರೆ ಕಡೆ ನೋಡ್ತಾ ಕಣ್ಣೊರೆಸಿಕೊಂಡರು. ನಾನಂತೂ ಅತ್ತೇಬಿಟ್ಟೆ. ಮಧ್ಯೆ ಅತ್ತೆ, "ಪರೀಕ್ಷೆ ಆಯ್ತಲ್ಲ, ಈಗ ನನ್ನ ಯಾರಾದ್ರೂ ಮುಂದಕ್ಕೆ ತಿರುಗಿಸಿ" ಅಂತ ಕೂಗ್ತಾ ಇದ್ದರು.

ಕೆಂಗೇರಿ ಬಸ್ ಸ್ಟ್ಯಾಂಡು

ಗೌಡರಿಗೆ ಬಸ್ಸು ತಪ್ಪಿ ತಡವಾಗಿತ್ತು. ಅವರು ಬಂದು ನಿಂತಾಗ ನಮ್ಮದು ಎರಡನೇ ಸುತ್ತು. ಪಾಪ, ಅವರು ಕಂಡದ್ದು ಇಷ್ಟೇ: ತಾವು ತಗೋಬೇಕಾದ ಕಾರು ಹಿಂದಕ್ಕೆ ಹಿಂದಕ್ಕೆ ಸುತ್ತುತಾ ಇದೆ, ಒಳಗಿದ್ದೋರೆಲ್ಲ ದೇವರಿಗೆ ಕೈ ಮುಗೀತಾ ಇದಾರೆ.

ನಾವು ಕಣ್ಣೊರೆಸಿಕೊಳ್ತಾ ಇರೋವಾಗಲೇ ಗೇಟಿನ ಕಡೆಯಿಂದ ಓಡಿ ಬಂದರು. "ಮೇಷ್ಟ್ರೇ, ಏನಾಯ್ತು? ಮುಂದಿನ ಗೇರೆಲ್ಲ ಹೊಂಟೋಯ್ತಾ?"

ಮಾವನವರು ಬಾಯಿ ತೆರೆದರು. ಮುಚ್ಚಿದರು. ಒಂದು ಕಡೆ ಮಗನ ಸರ್ಟಿಫಿಕೇಟು, ಇನ್ನೊಂದು ಕಡೆ ಗೌಡರಿಗೆ ಕೊಟ್ಟ ಮಾತು. ಸುಳ್ಳು ಹೇಳೋ ಹಾಗಿಲ್ಲ. ಅವರ ಹಣೆ ಮೇಲಿನ ವಿಭೂತಿ ಬೆವರಿಗೆ ಇಳೀತಾ ಇತ್ತು. ಕೊನೆಗೆ ಏನೂ ಹೇಳದೆ ಸರ್ಟಿಫಿಕೇಟನ್ನ ಗೌಡರ ಕೈಗೆ ಕೊಟ್ಟರು.

ಗೌಡರು ತುಟಿ ಅಲ್ಲಾಡಿಸ್ತಾ ನಿಧಾನವಾಗಿ ಓದಿದರು. "ಮುಂದಕ್ಕೆ ಸಾಧ್ಯವಾಗಲಿಲ್ಲ ಅಂತ ಮಿಲಿಟರಿಯೋರೇ ಬರೆದುಬಿಟ್ಟವ್ರಲ್ಲ! ಸೀಲೂ ಹೊಡೆದವ್ರೆ!" ಕಾಗದ ವಾಪಸ್ ಕೊಟ್ಟು ಮಾವನವರ ಕೈ ಹಿಡಿದುಕೊಂಡರು. "ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ. ಕೊಟ್ಟ ಮಾತು ವಾಪಸ್ ತಗೊಳ್ಳಿ. ಸುಂಕದಕಟ್ಟೆಯಿಂದ ಪೇಟೆಗೆ ಹಿಂದುಮುಂದಾಗಿ ಮೊಟ್ಟೆ ಸಾಗ್ಸಕ್ಕೆ ನನ್ನ ಕೈಲಾಗಲ್ಲ."

ಅವರು ಬಸ್ ಸ್ಟ್ಯಾಂಡಿನ ಕಡೆ ನಡೆದು ಹೋದರು. ಕಾರು ನಮ್ಮದೇ! ಬುತ್ತಿ ಬಿಚ್ಚಿ ಮೇಜರ್ ಸಾಹೇಬರಿಗೂ ಬಡಿಸಿ, ನಗ್ತಾ ನಗ್ತಾ ಹೊರಟೆವು. ಮುಂದಕ್ಕೇ. ಕೆಂಗೇರಿ ಬಸ್ ಸ್ಟ್ಯಾಂಡು ಒಂದು ಫರ್ಲಾಂಗು ಇದೆ ಅನ್ನೋವಾಗ ಮಾವನವರು "ನಿಲ್ಸು" ಅಂದರು.

ದೂರದಲ್ಲಿ ಗೌಡರು ಇನ್ನೂ ಬಸ್ಸಿಗೆ ಕಾಯ್ತಾ ನಿಂತಿದ್ದರು.

ಮೂವತ್ತು ವರ್ಷ ಸತ್ಯ ಹೇಳಿಕೊಟ್ಟ ಮೇಷ್ಟ್ರು ಕಿಟಕಿಯಾಚೆ ನೋಡ್ತಾ, ಸಣ್ಣ ದನಿಯಲ್ಲಿ ಹೇಳಿದರು: "ಗಾಡಿ ತಿರುಗಿಸು. ಅವರನ್ನ ದಾಟೋವರೆಗೂ ರಿವರ್ಸಲ್ಲಿ ಹೋಗು."

"ಅಪ್ಪಾ, ಅದು ಸುಳ್ಳಲ್ವಾ?"

"ನಾನು ಬಾಯಲ್ಲಿ ಏನಾದ್ರೂ ಹೇಳಿದ್ನೇನೋ? ಹೋಗು."

ಹೀಗೆ ಮೈಸೂರು ರಸ್ತೆಯಲ್ಲಿ, ಹಾಡಹಗಲಲ್ಲಿ, ನಾವು ಹಿಂದುಹಿಂದಾಗಿ ಬಸ್ ಸ್ಟ್ಯಾಂಡಿಗೆ ಬಂದೆವು. ಎತ್ತಿನ ಗಾಡಿಗಳು ನಿಂತವು. ಟೀ ಕುಡೀತಿದ್ದೋರು ಲೋಟ ಹಿಡಿದೇ ಎದ್ದರು. ಗೌಡರು ನಮ್ಮನ್ನ ನೋಡಿ "ಅಯ್ಯೋ ಪಾಪವೇ" ಅಂತ ಟವೆಲ್ ಬೀಸ್ತಾ ರಸ್ತೆ ಮಧ್ಯಕ್ಕೆ ನುಗ್ಗಿದರು. "ದಾರಿ ಬಿಡ್ರಪ್ಪೋ! ಮುಂದಕ್ಕೆ ಹೋಗಲ್ಲ ಆ ಗಾಡಿ! ಬರ್ಲಿ, ಬರ್ಲಿ, ಬರ್ಲಿ... ಸ್ವಲ್ಪ ಬಲಕ್ಕೆ ಹೊಡೀರಿ ಸಾರ್... ಬರ್ಲಿ, ಬರ್ಲಿ!"

ಬಸ್ ಸ್ಟ್ಯಾಂಡು ದಾಟಿದೆವು. ಇವರು ಇನ್ನೇನು ತಿರುಗಿಸೋಣ ಅಂದುಕೊಂಡರೆ ಗೌಡರು ಕಾರಿನ ಹಿಂದೆಯೇ, ಅಂದರೆ ನಮಗೆ ಮುಂದೆ, ಓಡ್ತಾನೇ ಇದಾರೆ. ಅವರ ಬಸ್ಸು ಬಂತು. ಕಂಡಕ್ಟರ್ ವಿಸಿಲ್ ಊದಿದ. ಬಸ್ಸು ಹೋಯ್ತು. ಗೌಡರು ಹತ್ತಲಿಲ್ಲ.

ಮಾವನವರು ಕಿಟಕಿಯಿಂದ ತಲೆ ಹೊರಗೆ ಹಾಕಿ, ದೀನರಾಗಿ, "ಗೌಡ್ರೇ, ನಿಮ್ಮ ಬಸ್ಸು ಹೋಯ್ತಲ್ಲ!" ಅಂದರು.

ಗೌಡರು ಏದುಸಿರು ಬಿಡ್ತಾ, ಟವೆಲ್ ಹೆಗಲಿಗೆ ಹಾಕಿಕೊಂಡು ಹೇಳಿದರು: "ಹೋಗ್ಲಿ ಬಿಡಿ ಮೇಷ್ಟ್ರೇ. ನಿಮ್ಮನ್ನ ಈ ಸ್ಥಿತೀಲಿ ಬಿಟ್ಟು ಹೋಗಕ್ಕಾಗ್ತದಾ? ರಾಜಾಜಿನಗರದವರೆಗೂ ನಾನೇ ದಾರಿ ಮಾಡ್ಕೊಂಡು ಬರ್ತೀನಿ. ಬರ್ಲಿ ಸಾರ್, ಬರ್ಲಿ, ಬರ್ಲಿ..."